ಆ ಕವರ್‌ಗಳ ಮೇಲಿನ ಅಕ್ಷರ ನನ್ನದು

ಮನೆಯಲ್ಲಿ ಹಳೆಯ ಲ್ಯಾಬ್ ರಿಪೋರ್ಟ್ ಇದ್ದರೆ ಒಮ್ಮೆ ತೆಗೆದು ನೋಡಿ. ರೋಗಿಯ ಹೆಸರು, ವಯಸ್ಸು ಆದ ಮೇಲೆ ‘ರೆಫರ್ಡ್ ಬೈ’ ಎಂಬ ಒಂದು ಸಾಲು ಇರುತ್ತದೆ. ಅದರ ಮುಂದೆ ಒಬ್ಬ ಡಾಕ್ಟರ ಹೆಸರು. ರಿಪೋರ್ಟ್ ಯಾರಿಗೆ ತೋರಿಸಬೇಕು ಅನ್ನುವುದಕ್ಕೆ ಆ ಸಾಲು ಇದೆ ಎಂದು ನಾನೂ ಅಂದುಕೊಂಡಿದ್ದೆ. ಬಿ.ಕಾಂ. ಮುಗಿಸಿ ಎಂಟು ತಿಂಗಳು ಖಾಲಿ ಕೂತು, ಕೊನೆಗೆ ನಮ್ಮ ಜಿಲ್ಲಾ ಕೇಂದ್ರದ ಒಂದು ಸ್ಕ್ಯಾನಿಂಗ್ ಸೆಂಟರಿನ ಬಿಲ್ಲಿಂಗ್ ಕೌಂಟರ್‌ಗೆ ಸೇರಿದ ಮೇಲೆ ಆ ಸಾಲಿನ ಇನ್ನೊಂದು ಉಪಯೋಗ ಗೊತ್ತಾಯಿತು.

ಸಂಬಳ ಹನ್ನೊಂದು ಸಾವಿರ. ಬೆಳಿಗ್ಗೆ ಎಂಟರಿಂದ ಸಂಜೆ ಆರು. ಎಸಿ ಇತ್ತು, ಕೂರಲು ಒಳ್ಳೆಯ ಕುರ್ಚಿ ಇತ್ತು. ಆಟೋ ಓಡಿಸುವ ಅಪ್ಪ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ‘ಮಗಳು ಅಕೌಂಟ್ಸ್ ನೋಡ್ತಾಳ’ ಎಂದು ಹೇಳಿಕೊಂಡು ಬಂದಿದ್ದರು. ಮೊದಲ ದಿನ ನನಗೆ ಕೆಲಸ ಹೇಳಿಕೊಟ್ಟ ಸೀನಿಯರ್ ಅಕ್ಕ ಎರಡೇ ಮಾತು ಹೇಳಿದರು: ‘ದುಡ್ಡು ಎರಡು ಸಲ ಎಣಿಸು. ಡಾಕ್ಟರ್ ಹೆಸರು ಮೂರು ಸಲ ನೋಡು.’

ಹೆಸರು ಯಾಕೆ ಮೂರು ಸಲ ಎಂಬುದು ಮುಂದಿನ ತಿಂಗಳು ಐದನೇ ತಾರೀಕು ತಿಳಿಯಿತು. ಅಂದು ಸಂಜೆ ಆರಕ್ಕೆ ಶಟರ್ ಅರ್ಧ ಇಳಿಯಿತು. ಸಾಫ್ಟ್‌ವೇರ್‌ನಿಂದ ಒಂದು ಪಟ್ಟಿ ಪ್ರಿಂಟ್ ಆಯಿತು. ಡಾಕ್ಟರ ಹೆಸರು, ಆ ತಿಂಗಳು ಅವರು ಕಳಿಸಿದ ರೋಗಿಗಳ ಸಂಖ್ಯೆ, ಒಟ್ಟು ಬಿಲ್, ಶೇಕಡಾ ಎಷ್ಟು, ಕೊಡಬೇಕಾದ್ದು ಎಷ್ಟು. ಒಬ್ಬೊಬ್ಬರ ಶೇಕಡಾವಾರೂ ಮೊದಲೇ ಫೀಡ್ ಆಗಿತ್ತು. ಅಕ್ಕ ಹಣ ಎಣಿಸಿ ಕೊಟ್ಟರು. ನಾನು ಬಿಳಿ ಕವರ್‌ಗೆ ತುಂಬಿ, ಅಂಟಿಸಿ, ಮೇಲೆ ಹೆಸರು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಆ ಕೆಲಸ ನನಗೇ ಬಂತು. ಮರುದಿನ ನಮ್ಮ ಪಿಆರ್‌ಒ ಆ ಕವರ್‌ಗಳನ್ನು ಬ್ಯಾಗಿಗೆ ಹಾಕಿಕೊಂಡು ಬೈಕ್ ಹತ್ತಿದರು. ಡಾಕ್ಟರ್‌ಗಳಷ್ಟೇ ಅಲ್ಲ, ಹಳ್ಳಿಗಳಲ್ಲಿ ಇಂಜೆಕ್ಷನ್ ಕೊಡುವವರು, ಒಬ್ಬಿಬ್ಬರು ಆಂಬುಲೆನ್ಸ್ ಡ್ರೈವರ್‌ಗಳ ಹೆಸರೂ ಪಟ್ಟಿಯಲ್ಲಿತ್ತು.

ಡಾಕ್ಟರ್ ಕಳಿಸದೆ ತಾವಾಗಿಯೇ ಬಂದವರ ಮುಂದೆ ‘ಸೆಲ್ಫ್’ ಎಂದು ಬರೆಯುತ್ತಿದ್ದೆವು. ಅವರಿಗೂ ಅದೇ ರೇಟು. ಕಮಿಷನ್ ಕೊಡಬೇಕಿಲ್ಲವಾದ್ದರಿಂದ ಅಷ್ಟೂ ಸೆಂಟರಿಗೆ ಉಳಿಯುತ್ತಿತ್ತು. ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸ್ವಲ್ಪ ಕಡಿಮೆ.

ಒಂದೇ ಬೆಂಚು, ಎರಡು ರೇಟು

ಪಟ್ಟಿಯಲ್ಲಿ ಒಬ್ಬ ಡಾಕ್ಟರ ಹೆಸರಿನ ಮುಂದೆ ಮಾತ್ರ ಯಾವಾಗಲೂ ಸೊನ್ನೆ. ಅವರಿಂದ ರೋಗಿಗಳು ಬರುತ್ತಿದ್ದರು, ಆದರೆ ಕವರ್ ಹೋಗುತ್ತಿರಲಿಲ್ಲ. ಮೊದಮೊದಲು ಕಳಿಸಿದ ಕವರ್‌ಗಳನ್ನು ಅವರು ಹಾಗೇ ವಾಪಸ್ ಕಳಿಸಿದ್ದರಂತೆ. ‘ಇದನ್ನ ನನಗ ಕೊಡಬ್ಯಾಡ್ರಿ, ನನ್ನ ಪೇಷಂಟಿನ ಬಿಲ್ಲಿನಾಗ ಕಡಿಮಿ ಮಾಡ್ರಿ’ ಎಂದಿದ್ದರಂತೆ. ಹಾಗಾಗಿ ಅವರ ಹೆಸರು ಟೈಪ್ ಮಾಡಿದ ಕೂಡಲೇ ಬಿಲ್ ಶೇ 25ರಷ್ಟು ತಾನೇ ಇಳಿಯುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಇಬ್ಬರು ಬಂದರು. ಇಬ್ಬರಿಗೂ ತಲೆಯ ಸಿಟಿ ಸ್ಕ್ಯಾನ್. ಮೊದಲನೆಯವರು ಸೊನ್ನೆ ಡಾಕ್ಟರ್ ಕಳಿಸಿದ ಒಬ್ಬ ಮೇಷ್ಟ್ರು. ಬಿಲ್ ₹2,100. ಫೋನಿನಲ್ಲೇ ಹಣ ಹಾಕಿ ಬೆಂಚಿನ ಮೇಲೆ ಕೂತರು. ಎರಡನೆಯವರು ಒಬ್ಬ ಅಜ್ಜಿ, ಜೊತೆಗೆ ಮೊಮ್ಮಗ. ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅವರನ್ನು ಕಳಿಸಿದ್ದು ಬೇರೆ ಡಾಕ್ಟರು. ಬಿಲ್ ₹2,800.

ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಮೊಮ್ಮಗ ಜೇಬು ತಡಕಿದ. ಎಲ್ಲಾ ಸೇರಿಸಿದರೂ ಎರಡು ಸಾವಿರದ ಇನ್ನೂರು. ‘ಯವ್ವಾ, ಇಷ್ಟ ಐತಿ. ಸ್ವಲ್ಪ ಕಡಿಮಿ ಮಾಡ್ಕೊಳವ್ವ’ ಎಂದರು ಅಜ್ಜಿ. ನಾನು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿದೆ. ಅವರು ಕಂಪ್ಯೂಟರ್ ನೋಡಿ ಹೇಳಿದರು: ‘ಅದು ರೆಫರೆನ್ಸ್ ಕೇಸು. ಅದರಾಗ ಡಿಸ್ಕೌಂಟ್ ಕೊಟ್ರ ನಮಗ ಏನ್ ಉಳೀತದ?’

ಕೊನೆಗೆ ಆ ಹುಡುಗ ತನ್ನ ಮೊಬೈಲನ್ನು ಕೌಂಟರಿನ ಮೇಲಿಟ್ಟ. ಸಂಜೆಯೊಳಗೆ ಆರುನೂರು ತಂದುಕೊಟ್ಟು ಬಿಡಿಸಿಕೊಂಡು ಹೋಗುತ್ತೇನೆ ಎಂದ. ನಾನು ಅದನ್ನು ಡ್ರಾದಲ್ಲಿಟ್ಟು ರಸೀದಿ ಹರಿದುಕೊಟ್ಟೆ. ಅವರಿಗೆ ಕಡಿಮೆ ಬಿದ್ದದ್ದು ಆರುನೂರು. ಫೆಬ್ರುವರಿ ಐದರಂದು ಅದೇ ಬಿಲ್ಲಿನಿಂದ ನಾನು ಕವರ್‌ಗೆ ಹಾಕಿದ್ದು ಏಳುನೂರು. ಅದೇ ಬೆಂಚು, ಅದೇ ಮಷೀನು, ಅದೇ ಫಿಲ್ಮು. ಮೇಷ್ಟ್ರಿಗೂ ಅಜ್ಜಿಗೂ ನಡುವೆ ಇದ್ದ ವ್ಯತ್ಯಾಸ ಆ ಒಂದು ಸಾಲಿನಲ್ಲಿ ನಾನು ಟೈಪ್ ಮಾಡಿದ ಹೆಸರು ಮಾತ್ರ.

ಅಂದು ರಾತ್ರಿ ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ‘ಅದ್ರಾಗ ಏನ್ ತಪ್ಪೈತಿ ಮಗಳ? ಸ್ಟ್ಯಾಂಡಿನಿಂದ ಲಾಡ್ಜಿಗೆ ಗಿರಾಕಿ ಕರ್ಕೊಂಡ್ ಹೋದ್ರ ನಮಗೂ ಐವತ್ತು ರೂಪಾಯಿ ಕೊಡ್ತಾರ’ ಎಂದರು.

ನನಗೆ ಆಗ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು. ಲಾಡ್ಜಿಗೆ ಹೋದವನು ರೂಮು ನೋಡುತ್ತಾನೆ, ಹಿಡಿಸದಿದ್ದರೆ ಎದ್ದು ಪಕ್ಕದ ಲಾಡ್ಜಿಗೆ ಹೋಗುತ್ತಾನೆ. ತನಗೆ ರೂಮು ಬೇಕೋ ಬೇಡವೋ ಎಂಬುದು ಅವನಿಗೆ ಗೊತ್ತು. ತಲೆಗೆ ಪೆಟ್ಟಾದ ಅಜ್ಜಿಗೆ ಸ್ಕ್ಯಾನ್ ಬೇಕೋ ಬೇಡವೋ ಹೇಳಬಲ್ಲವರು ಡಾಕ್ಟರ್ ಒಬ್ಬರೇ. ಆ ಒಬ್ಬರ ಮಾತಿಗೂ ರೇಟು ಕಟ್ಟಿದರೆ ರೋಗಿ ಯಾರನ್ನು ನಂಬಬೇಕು? ಅಜ್ಜಿಗೆ ಸ್ಕ್ಯಾನ್ ನಿಜವಾಗಿಯೂ ಬೇಕಿತ್ತು ಎಂದೇ ನನ್ನ ನಂಬಿಕೆ. ಆದರೆ ಪಟ್ಟಿಯಲ್ಲಿದ್ದ ನೂರಾರು ಹೆಸರುಗಳಲ್ಲಿ ಯಾರಿಗೆ ಬೇಕಿತ್ತು, ಯಾರಿಗೆ ಬೇಕಿರಲಿಲ್ಲ ಎಂದು ನಮ್ಮ ಸಾಫ್ಟ್‌ವೇರ್ ಹೇಳುತ್ತಿರಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಡಾಕ್ಟರ್ ಒಬ್ಬರು ಇನ್ನೊಬ್ಬರ ಬಳಿಗೆ ಅಥವಾ ಲ್ಯಾಬಿಗೆ ರೋಗಿಯನ್ನು ಕಳಿಸುವುದು ತಪ್ಪಲ್ಲ, ಅದು ಅವರ ಕರ್ತವ್ಯ. ಇಂಥ ಲ್ಯಾಬಿನ ರಿಪೋರ್ಟು ಸರಿಯಾಗಿರುತ್ತದೆ, ಅಲ್ಲೇ ಮಾಡಿಸಿ ಎನ್ನುವುದೂ ತಪ್ಪಲ್ಲ. ಕಳಿಸಿದ್ದಕ್ಕೆ ಹಣ ಪಡೆಯುವುದು ತಪ್ಪು.

‘ಪ್ರಿಪೇರ್ಡ್ ಬೈ’

ಇಷ್ಟೆಲ್ಲಾ ಯೋಚಿಸಿ ನಾನು ಮರುದಿನವೇ ರಾಜೀನಾಮೆ ಬಿಸಾಕಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಹಾಗೆ ಆಗಲಿಲ್ಲ. ಇನ್ನೂ ಎರಡು ತಿಂಗಳು ಕವರ್ ತುಂಬಿದೆ. ಅಮ್ಮನ ಸಂಘದ ಸಾಲದ ಕಂತು ನನ್ನ ಸಂಬಳದಲ್ಲೇ ಹೋಗುತ್ತಿತ್ತು.

ಬಿಟ್ಟಿದ್ದು ಭಯದಿಂದ. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವಾಗ ಆ ನಗದಿಗೆಲ್ಲ ಒಂದು ಹೆಸರು ಬೇಕಾಯಿತು. ಕೆಲವನ್ನು ‘ಪ್ರೊಫೆಷನಲ್ ಚಾರ್ಜಸ್’ ಎಂದು, ಕೆಲವನ್ನು ‘ಕ್ಯಾಂಪ್ ಖರ್ಚು’ ಎಂದು ವೋಚರ್ ಬರೆಯಲು ಹೇಳಿದರು. ನಾವು ಆ ವರ್ಷ ಒಂದೇ ಒಂದು ಕ್ಯಾಂಪ್ ಮಾಡಿರಲಿಲ್ಲ. ವೋಚರಿನ ಕೆಳಗೆ ‘ಪ್ರಿಪೇರ್ಡ್ ಬೈ’ ಎಂಬಲ್ಲಿ ನನ್ನ ಸಹಿ. ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಗೆಳತಿಗೆ ಫೋನಿನಲ್ಲಿ ಸುಮ್ಮನೆ ಹೇಳಿದೆ. ಅವಳು ಕೇಳಿದಳು: ‘ತಗೊಂಡವರ ಸಹಿ ಐತೇನು?’ ಇಲ್ಲ. ‘ಓನರ್ ಸಹಿ?’ ಇಲ್ಲ. ‘ಹಂಗಾದ್ರ ಆ ಕಾಗದದ ಮ್ಯಾಲ ಇರೋದು ನಿಂದೊಂದ ಹೆಸರು’ ಎಂದಳು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ನೆಪ ಹೇಳಿ ತಿಂಗಳ ಕೊನೆಗೆ ಬಿಟ್ಟೆ. ಕಡೆಯ ತಿಂಗಳ ಅರ್ಧ ಸಂಬಳ ಇನ್ನೂ ಬಂದಿಲ್ಲ.

ಬೆಂಗಳೂರಿನಲ್ಲಿ ಸಿಕ್ಕಿದ್ದು

ಗೆಳತಿ ಹೆದರಿಸಿದ್ದು ಸುಮ್ಮನೆ ಅಲ್ಲ ಎಂಬುದು ಆಮೇಲೆ ಹಳೆಯ ಸುದ್ದಿಗಳನ್ನು ಓದಿದಾಗ ಗೊತ್ತಾಯಿತು. 2017ರ ನವೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯವರು ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಸೆಂಟರ್ ಮತ್ತು ಐವಿಎಫ್ ಕೇಂದ್ರಗಳ ಮೇಲೆ ದಾಳಿ ನಡೆಸಿದರು. ನೂರು ಕೋಟಿ ರೂಪಾಯಿಗೂ ಹೆಚ್ಚಿನ ಅಘೋಷಿತ ಆದಾಯ ಪತ್ತೆಯಾಯಿತು ಎಂದು ಇಲಾಖೆ ಪ್ರಕಟಣೆ ಹೊರಡಿಸಿತು. ಎಂಆರ್‌ಐಗೆ ಶೇ 35, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಟೆಸ್ಟುಗಳಿಗೆ ಶೇ 20 ಡಾಕ್ಟರ್‌ಗಳಿಗೆ ಹೋಗುತ್ತಿತ್ತು, ಅದನ್ನು ‘ಮಾರ್ಕೆಟಿಂಗ್ ಖರ್ಚು’ ಎಂದು ತೋರಿಸಲಾಗುತ್ತಿತ್ತು ಎಂದಿತ್ತು ಅದರಲ್ಲಿ. ಹಣ ತಲುಪಿಸುವ ದಾರಿಗಳನ್ನೂ ವಿವರಿಸಿದ್ದರು: ಕೆಲವರಿಗೆ ನಗದು, ಕೆಲವರಿಗೆ ಚೆಕ್. ಚೆಕ್ ಪಡೆದವರು ಪುಸ್ತಕದಲ್ಲಿ ಆ ಸೆಂಟರಿನ ಸಲಹಾ ವೈದ್ಯರು, ಆದರೆ ಅವರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಇನ್ನು ಕೆಲವರಿಗೆ ಏಜೆಂಟರ ಮೂಲಕ ಕವರ್. ಓದುತ್ತಾ ಹೋದಂತೆ ನಮ್ಮ ಕೌಂಟರಿನ ಡ್ರಾ ಕಣ್ಣ ಮುಂದೆ ಬಂತು.

ನಾಲ್ಕು ತಿಂಗಳು ಮತ್ತೆ ಖಾಲಿ ಕೂತ ಮೇಲೆ ಬೆಂಗಳೂರಿನಲ್ಲಿ ಒಂದು ಮೆಡಿಕಲ್ ಬಿಲ್ಲಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳನ್ನು ಇಲ್ಲಿ ಕೂತು ಪರಿಶೀಲಿಸಿ ಇನ್ಶೂರೆನ್ಸ್‌ಗೆ ಕಳಿಸುವುದು. ರಾತ್ರಿ ಪಾಳಿ. ಬಿ.ಕಾಂ., ಬಿ.ಎಸ್ಸಿ., ಬಿ.ಫಾರ್ಮ ಓದಿದ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕೆಲಸದಲ್ಲಿ ಬಹಳ ಮಂದಿ ಇದ್ದಾರೆ. ಮೊದಲ ವಾರ ಬಿಲ್ ಮುಟ್ಟುವ ಮೊದಲೇ ಕಾನೂನಿನ ಟ್ರೈನಿಂಗ್ ಇತ್ತು. ಟ್ರೈನರ್ ಪರದೆಯ ಮೇಲೆ ಬರೆದ ಮೊದಲ ಹೆಸರು ‘ಆ್ಯಂಟಿ-ಕಿಕ್‌ಬ್ಯಾಕ್ ಸ್ಟ್ಯಾಚ್ಯೂಟ್’. ಕಿಕ್‌ಬ್ಯಾಕ್ ಅಂದರೆ ನಾವು ಕಮಿಷನ್, ‘ಕಟ್’ ಎನ್ನುವುದೇ.

1972ರ ಕಾನೂನು ಅದು. ವಯಸ್ಸಾದವರಿಗಾಗಿ ಇರುವ ಮೆಡಿಕೇರ್, ಬಡವರಿಗಾಗಿ ಇರುವ ಮೆಡಿಕೇಡ್‌ನಂಥ ಸರ್ಕಾರಿ ಯೋಜನೆಗಳ ರೋಗಿಗಳನ್ನು ಕಳಿಸಿದ್ದಕ್ಕೆ ಪ್ರತಿಫಲ ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ, ಕೇಳುವುದೂ ಅಪರಾಧ. ನಗದೇ ಆಗಬೇಕಿಲ್ಲ. ಬೆಲೆಬಾಳುವ ಊಟ, ಪ್ರವಾಸ, ಬಾಡಿಗೆಯಿಲ್ಲದ ಕೊಠಡಿ, ಮಾಡದ ಕೆಲಸಕ್ಕೆ ‘ಸಲಹಾ ಶುಲ್ಕ’ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2018ರ ತಿದ್ದುಪಡಿಯ ನಂತರ ಪ್ರತಿ ಅಪರಾಧಕ್ಕೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷ ಡಾಲರ್‌ವರೆಗೆ ದಂಡ.

ಎರಡನೆಯದು ‘ಸ್ಟಾರ್ಕ್ ಕಾನೂನು’. ಪೀಟ್ ಸ್ಟಾರ್ಕ್ ಎಂಬ ಸಂಸದರ ಪ್ರಯತ್ನದಿಂದ 1989ರಲ್ಲಿ ಬಂತು, ಅವರ ಹೆಸರೇ ಉಳಿಯಿತು. ಡಾಕ್ಟರಿಗೋ ಅವರ ಹತ್ತಿರದ ಕುಟುಂಬದವರಿಗೋ ಒಂದು ಲ್ಯಾಬಿನಲ್ಲಿ ಪಾಲು ಅಥವಾ ಬೇರೆ ಹಣಕಾಸಿನ ಸಂಬಂಧ ಇದ್ದರೆ, ಕಾನೂನೇ ಹೇಳಿದ ವಿನಾಯಿತಿಗಳನ್ನು ಬಿಟ್ಟು, ಮೆಡಿಕೇರ್ ರೋಗಿಯನ್ನು ಅಲ್ಲಿಗೆ ಕಳಿಸುವಂತಿಲ್ಲ. ಮೊದಲು ಲ್ಯಾಬ್ ಟೆಸ್ಟುಗಳಿಗೆ ಮಾತ್ರ ಇತ್ತು, ಆಮೇಲೆ ಸ್ಕ್ಯಾನ್, ಫಿಸಿಯೋಥೆರಪಿ ಮುಂತಾದವೂ ಸೇರಿದವು. ಇದರಲ್ಲಿ ಜೈಲಿಲ್ಲ. ಆದರೆ ‘ನನಗೆ ಕೆಟ್ಟ ಉದ್ದೇಶ ಇರಲಿಲ್ಲ’ ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ.

ಟ್ರೈನರ್ ಒಂದು ಉದಾಹರಣೆ ಕೊಟ್ಟರು. ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ ಹೆಲ್ತ್ ಡಯಾಗ್ನೋಸ್ಟಿಕ್ ಲ್ಯಾಬೊರೇಟರಿ ಎಂಬ ರಕ್ತಪರೀಕ್ಷೆಯ ಕಂಪನಿ ಕೆಲವೇ ವರ್ಷಗಳಲ್ಲಿ ಭಾರಿ ಬೆಳೆಯಿತು. ರಕ್ತದ ಮಾದರಿ ಕಳಿಸಿದ ಡಾಕ್ಟರ್‌ಗಳಿಗೆ ಅದು ಪ್ರತಿ ಮಾದರಿಗೆ ಇಷ್ಟು ಡಾಲರ್ ಎಂದು ಕೊಡುತ್ತಿತ್ತು. ಅದಕ್ಕೆ ಇಟ್ಟ ಹೆಸರು ‘ಸಂಸ್ಕರಣಾ ಶುಲ್ಕ’. ಇದು ಕಮಿಷನ್ನೇ ಎಂದು ಸರ್ಕಾರ ಆರೋಪಿಸಿತು. 2015ರಲ್ಲಿ ಕಂಪನಿ 4.7 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು, ಅದೇ ವರ್ಷ ದಿವಾಳಿಯನ್ನೂ ಘೋಷಿಸಿತು. 2018ರಲ್ಲಿ ಅದರ ಮಾಜಿ ಮುಖ್ಯಸ್ಥೆ ಮತ್ತು ಮಾರಾಟ ನೋಡಿಕೊಳ್ಳುತ್ತಿದ್ದ ಇಬ್ಬರ ವಿರುದ್ಧ 11 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತದ ತೀರ್ಪು ಬಂತು. ‘ಸಂಸ್ಕರಣಾ ಶುಲ್ಕ’ ಎಂದಾಗ ನನಗೆ ನೆನಪಾದದ್ದು ನಾನೇ ಬರೆದ ‘ಪ್ರೊಫೆಷನಲ್ ಚಾರ್ಜಸ್’.

ಆ ಪ್ರಕರಣ ಹೊರಬಂದದ್ದು ಒಳಗಿನ ವಿಷಯ ತಿಳಿದವರು ದೂರು ಕೊಟ್ಟಿದ್ದರಿಂದ. ಅಲ್ಲಿ ‘ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್’ ಎಂಬ, ಲಿಂಕನ್ ಕಾಲದ 1863ರ ಕಾನೂನು ಇದೆ. ಸರ್ಕಾರಕ್ಕೆ ಸುಳ್ಳು ಬಿಲ್ ಹೋಗುತ್ತಿದೆ ಎಂದು ಗೊತ್ತಿರುವ ಯಾರು ಬೇಕಾದರೂ, ಕೌಂಟರಿನ ಗುಮಾಸ್ತೆ ಕೂಡ, ಸರ್ಕಾರದ ಪರವಾಗಿ ಮೊಕದ್ದಮೆ ಹೂಡಬಹುದು. ಗೆದ್ದರೆ ವಸೂಲಾದ ಹಣದಲ್ಲಿ ಶೇ 15ರಿಂದ 30ರವರೆಗೆ ಅವರಿಗೆ. ದೂರು ಕೊಟ್ಟದ್ದಕ್ಕಾಗಿ ಕೆಲಸದಿಂದ ತೆಗೆದರೆ ಅದಕ್ಕೂ ಪರಿಹಾರ ಕೇಳಬಹುದು.

ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಸರಿಯಿದ್ದರೆ ಇಷ್ಟು ಪ್ರಕರಣ ಯಾಕೆ ಬರುತ್ತಿದ್ದವು? ಮುಖ್ಯವಾದ ಆ ಎರಡು ಕಾನೂನುಗಳೂ ಸರ್ಕಾರ ಹಣ ಕೊಡುವ ಚಿಕಿತ್ಸೆಯ ಸುತ್ತಲೇ ಇವೆ. ಖಾಸಗಿ ಇನ್ಶೂರೆನ್ಸ್ ಇರುವ ರೋಗಿಗಳ ವಿಷಯದಲ್ಲೂ ಲ್ಯಾಬ್ ಕಮಿಷನ್ ಅಪರಾಧ ಎಂದು ಹೇಳುವ ಕೇಂದ್ರ ಕಾನೂನು ಬಂದದ್ದು 2018ರಲ್ಲಿ. ನನಗೆ ಇಲ್ಲೇ ಒಂದು ವಿಷಯ ಅರ್ಥವಾದದ್ದು. ಅಲ್ಲಿ ಕಮಿಷನ್‌ನಿಂದ ಸರ್ಕಾರದ ಖಜಾನೆಗೆ ತೂತು ಬೀಳುತ್ತದೆ, ಆದ್ದರಿಂದ ಕಾನೂನಿಗೆ ಹಲ್ಲು ಬಂದಿದೆ. ನಮ್ಮಲ್ಲಿ ತೂತು ಬೀಳುವುದು ಹೆಚ್ಚಾಗಿ ಅಜ್ಜಿಯ ಸೆರಗಿನ ಗಂಟಿಗೆ.

ನಮ್ಮಲ್ಲಿ ಕಾನೂನೇ ಇಲ್ಲವೇ?

ಇದೆ. ಟ್ರೈನಿಂಗ್ ಮುಗಿದ ವಾರವೇ ಹುಡುಕಿ ಓದಿದೆ. ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡತೆ ನಿಯಮಗಳು 2002ರಿಂದಲೇ ಇವೆ. ಅದರ 6.4ನೇ ನಿಯಮ ಸ್ಪಷ್ಟವಾಗಿದೆ: ರೋಗಿಯನ್ನು ಚಿಕಿತ್ಸೆಗೆ ಕಳಿಸಿದ್ದಕ್ಕೆ ಪ್ರತಿಯಾಗಿ ಡಾಕ್ಟರ್ ಉಡುಗೊರೆ, ಕಮಿಷನ್, ಬೋನಸ್ ಯಾವುದನ್ನೂ ಕೊಡುವಂತಿಲ್ಲ, ಪಡೆಯುವಂತಿಲ್ಲ, ಕೇಳುವಂತಿಲ್ಲ. ರೋಗಪತ್ತೆಗಾಗಿ ಪರೀಕ್ಷೆಗೆ ಕಳಿಸುವುದಕ್ಕೂ ಇದೇ ಅನ್ವಯ. 2009ರಲ್ಲಿ ಔಷಧ ಕಂಪನಿಗಳ ಉಡುಗೊರೆ, ಪ್ರವಾಸ, ನಗದನ್ನು ನಿಷೇಧಿಸುವ 6.8ನೇ ನಿಯಮ ಸೇರಿತು.

ಹಾಗಾದರೆ ನಾನು ಕವರ್ ತುಂಬಿದ್ದು ಹೇಗೆ? ಕಾರಣ, ಈ ನಿಯಮಗಳ ಕೈ ಡಾಕ್ಟರವರೆಗೆ ಮಾತ್ರ ಚಾಚುತ್ತದೆ. ತಪ್ಪು ಸಾಬೀತಾದರೆ ವೈದ್ಯಕೀಯ ಮಂಡಳಿ ಎಚ್ಚರಿಕೆ ಕೊಡಬಹುದು, ಸ್ವಲ್ಪ ಕಾಲ ಅಥವಾ ಶಾಶ್ವತವಾಗಿ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆಯಬಹುದು. ಜೈಲಿಲ್ಲ. ನಮ್ಮ ಸೆಂಟರಿನ ಓನರ್ ಡಾಕ್ಟರ್ ಅಲ್ಲ, ಅವರೊಬ್ಬ ವ್ಯಾಪಾರಿ. ಅವರ ಮೇಲೆ ಮಂಡಳಿಗೆ ಅಧಿಕಾರವೇ ಇಲ್ಲ. ಲಂಚದ ವಿರುದ್ಧ ಇರುವ ಭ್ರಷ್ಟಾಚಾರ ತಡೆ ಕಾಯ್ದೆ ಸರ್ಕಾರಿ ನೌಕರರಿಗೆ ಸಂಬಂಧಿಸಿದ್ದು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಹಣ ಪಡೆದು ಹೊರಗಿನ ಲ್ಯಾಬಿಗೆ ಕಳಿಸಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಖಾಸಗಿ ಡಾಕ್ಟರ್, ಖಾಸಗಿ ಲ್ಯಾಬಿನ ನಡುವಿನ ಕವರ್‌ಗೆ ಆ ಕಾಯ್ದೆ ಬರುವುದಿಲ್ಲ. ಕಮಿಷನ್‌ಗೆಂದೇ ಪ್ರತ್ಯೇಕ ಕಾನೂನು ಮಾಡಲು ಪಕ್ಕದ ಮಹಾರಾಷ್ಟ್ರ 2017ರಲ್ಲಿ ಕರಡು ಸಿದ್ಧಪಡಿಸಿತ್ತು. ಅದು ಕರಡಾಗಿಯೇ ಉಳಿಯಿತು.

ವೈದ್ಯರಿಗಾಗಿ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಹೊರಡಿಸಿತು. ವಿರೋಧ ಬಂದು ಅದೇ ತಿಂಗಳು ತಡೆಹಿಡಿಯಿತು. ಮತ್ತೆ 2002ರ ನಿಯಮಗಳೇ ಗತಿಯಾದವು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಔಷಧ ಕಂಪನಿಗಳಿಗೆ ಮಾರುಕಟ್ಟೆ ಸಂಹಿತೆ ಪ್ರಕಟಿಸಿತು. ಡಾಕ್ಟರ್‌ಗೂ ಅವರ ಕುಟುಂಬಕ್ಕೂ ಉಡುಗೊರೆ ಇಲ್ಲ, ಒಂದು ಔಷಧದ ಸ್ಯಾಂಪಲ್ ಒಬ್ಬ ಡಾಕ್ಟರಿಗೆ ವರ್ಷಕ್ಕೆ 12 ಪ್ಯಾಕ್ ಮೀರುವಂತಿಲ್ಲ ಎಂದೆಲ್ಲ ಅದರಲ್ಲಿದೆ. ಆದರೆ ದೂರು ವಿಚಾರಿಸುವುದು ಕಂಪನಿಗಳದೇ ಸಂಘಗಳ ಸಮಿತಿ. ಲ್ಯಾಬ್‌ಗಳು ಅದರ ವ್ಯಾಪ್ತಿಯಲ್ಲೇ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾಗಿ ಏಟು ಕೊಟ್ಟಿರುವುದು, ವಿಚಿತ್ರವೆಂದರೆ, ತೆರಿಗೆ ಕಾನೂನು. ಒಂದು ಔಷಧ ಕಂಪನಿ ಡಾಕ್ಟರ್‌ಗಳಿಗೆ ಕೊಟ್ಟ ಉಡುಗೊರೆಗಳ ವೆಚ್ಚವನ್ನು ವ್ಯವಹಾರದ ಖರ್ಚು ಎಂದು ತೋರಿಸಿ ತೆರಿಗೆ ವಿನಾಯಿತಿ ಕೇಳಿತ್ತು. ಆ ಉಡುಗೊರೆಗಳೆಂದರೆ ಚಿನ್ನದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್. ‘ಪಡೆಯಬಾರದು ಎಂಬ ನಿಯಮ ಡಾಕ್ಟರಿಗೆ ಇರುವುದು, ಕೊಡಬಾರದು ಎಂದು ನಮಗೆ ಯಾರೂ ಹೇಳಿಲ್ಲ’ ಎಂಬುದು ಕಂಪನಿಯ ವಾದ. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪಡೆಯುವುದು ನಿಷಿದ್ಧವಾದರೆ ಕೊಡುವುದಕ್ಕೂ ರಿಯಾಯಿತಿ ಇಲ್ಲ, ಈ ಉಡುಗೊರೆಗಳ ಬೆಲೆ ಕೊನೆಗೆ ಔಷಧದ ಬೆಲೆಗೇ ಸೇರಿ ಜನರ ಮೇಲೆ ಬೀಳುತ್ತದೆ ಎಂದಿತು. ಜೈಲಿಗೆ ಹಾಕುವ ಕಾನೂನು ಇಲ್ಲದ ಕಡೆ ಲೆಕ್ಕಪುಸ್ತಕವೇ ಸಾಕ್ಷಿಯಾಗುತ್ತಿದೆ. ಬಿ.ಕಾಂ. ಓದಿದ ನಮ್ಮಂಥವರು ಗಮನಿಸಬೇಕಾದ್ದು ಇದನ್ನೇ. ಆ ಪುಸ್ತಕ ಬರೆಯುವವರು ನಾವು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ

ಕೆಲಸ ಕೇಳಿಕೊಂಡು ಹೋದವರಿಗೆ ಆರಿಸುವ ಅವಕಾಶ ಕಡಿಮೆ, ನನಗೆ ಗೊತ್ತು. ‘ಅಂಥ ಕಡೆ ಸೇರಲೇಬೇಡಿ’ ಎನ್ನುವ ಅರ್ಹತೆ ನನಗಿಲ್ಲ. ಸೇರುವ ಮೊದಲು ಕೇಳಬಹುದಾದ ಒಂದೆರಡು ಪ್ರಶ್ನೆ ಹೇಳಬಲ್ಲೆ. ಲ್ಯಾಬಿನಲ್ಲೋ ಔಷಧ ಕಂಪನಿಯಲ್ಲೋ ಮಾರ್ಕೆಟಿಂಗ್ ಕೆಲಸ ಎಂದರೆ, ಟಾರ್ಗೆಟ್ ಯಾವುದರ ಮೇಲೆ ಎಂದು ಕೇಳಿ. ಹೊಸ ಯಂತ್ರ, ರಿಪೋರ್ಟಿನ ವೇಗ, ಗುಣಮಟ್ಟವನ್ನು ಡಾಕ್ಟರ್‌ಗಳಿಗೆ ಪರಿಚಯಿಸುವುದು ನ್ಯಾಯವಾದ ಕೆಲಸ. ಕೈಗೆ ನಗದು ಕೊಟ್ಟು ‘ತಲುಪಿಸಿ ಬಾ’ ಎಂದರೆ ಅದು ಬೇರೆ ಕೆಲಸ.

ಲೆಕ್ಕದ ಕೆಲಸವಾದರೆ, ನೀವು ನೋಡದ ಖರ್ಚಿಗೆ, ನಡೆಯದ ಕ್ಯಾಂಪಿಗೆ ವೋಚರ್ ಬರೆಯಬೇಡಿ. ಬರೆಯಲೇಬೇಕಾಗಿ ಬಂದರೆ ಹೇಳಿದವರಿಂದ ಒಂದು ಮೆಸೇಜ್ ಆದರೂ ಲಿಖಿತವಾಗಿ ಪಡೆಯಿರಿ. ಕೇಳಿದ ಕೂಡಲೇ ಎದುರಿನವರ ದನಿ ಬದಲಾಗುತ್ತದೆ. ಅದರಿಂದಲೇ ಅರ್ಧ ವಿಷಯ ತಿಳಿಯುತ್ತದೆ.

ರೋಗಿಯಾಗಿ ಹೋದಾಗಲೂ ನಮಗೆ ಒಂದಿಷ್ಟು ಬಲ ಇದೆ. ಟೆಸ್ಟನ್ನೂ ಔಷಧವನ್ನೂ ಎಲ್ಲಿ ಮಾಡಿಸಬೇಕು, ಎಲ್ಲಿ ಕೊಳ್ಳಬೇಕು ಎಂದು ಆರಿಸುವ ಹಕ್ಕು ರೋಗಿಯದು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರ ಹೇಳುತ್ತದೆ. ‘ಈ ಲ್ಯಾಬಿನ ರಿಪೋರ್ಟೇ ಬೇಕು’ ಎಂದು ಡಾಕ್ಟರ್ ಹೇಳಿದರೆ ಯಾಕೆ ಎಂದು ವಿನಯದಿಂದ ಕೇಳಬಹುದು. ಒಳ್ಳೆಯ ಕಾರಣ ಇದ್ದರೆ ಅವರು ಹೇಳುತ್ತಾರೆ. ಎರಡು ಕಡೆ ರೇಟು ವಿಚಾರಿಸಿ, ಬಿಲ್ ಪಡೆಯಿರಿ. ಕಮಿಷನ್‌ಗೆ ಸಾಕ್ಷಿ ಸಿಕ್ಕರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆದು ದೂರು ಕೊಡಬಹುದು. ನಾನು ಕೊಡಲಿಲ್ಲ. ಪಟ್ಟಿಯ ಒಂದು ಪ್ರತಿ ಕೂಡ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದರೂ ಧೈರ್ಯ ಮಾಡುತ್ತಿದ್ದೆನೋ ಇಲ್ಲವೋ. ಅಮೆರಿಕದ ಗುಮಾಸ್ತೆಗೆ ಇರುವ ರಕ್ಷಣೆ ನಮ್ಮ ಊರಿನ ಕೌಂಟರಿನ ಹುಡುಗಿಗೂ ಇದ್ದಿದ್ದರೆ ಬಹುಶಃ ಮಾಡುತ್ತಿದ್ದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಮ್ಮನಿಗೆ ಥೈರಾಯ್ಡ್ ಟೆಸ್ಟ್ ಆಗಬೇಕಿತ್ತು. ಎರಡು ಕಡೆ ಫೋನ್ ಮಾಡಿ, ರೇಟು ಕೇಳಿ, ಒಂದು ಸಣ್ಣ ಲ್ಯಾಬಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿ ನನ್ನಷ್ಟೇ ವಯಸ್ಸಿನ ಹುಡುಗಿ. ಹೆಸರು, ವಯಸ್ಸು ಟೈಪ್ ಮಾಡಿ ‘ಯಾವ ಡಾಕ್ಟರ್ ಕಳಿಸ್ಯಾರ್ರಿ?’ ಎಂದಳು.

‘ಸೆಲ್ಫ್ ಅಂತ ಬರೀರಿ. ಡಿಸ್ಕೌಂಟ್ ಎಷ್ಟು ಕೊಡ್ತೀರಿ?’ ಎಂದೆ.

ಅವಳು ತಲೆಯೆತ್ತಿ ನೋಡಿದಳು. ಒಳಗೆ ಹೋಗಿ ಕೇಳಿಕೊಂಡು ಬಂದು ಶೇ 20 ಕಡಿಮೆ ಮಾಡಿದಳು. ಬಿಲ್ ಕೈಗೆ ತೆಗೆದುಕೊಳ್ಳುತ್ತಾ ಕೇಳಿಯೇಬಿಟ್ಟೆ: ‘ಐದನೇ ತಾರೀಕು ಮನಿಗೆ ಹೋಗೂದು ಲೇಟ್ ಆಗ್ತದೇನ್ರಿ?’

ಹುಡುಗಿ ಒಂದು ಕ್ಷಣ ಗಾಬರಿಯಾದಳು. ಆಮೇಲೆ ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ‘ನಮ್ಮಲ್ಲಿ ಹತ್ತನೇ ತಾರೀಕ್ರಿ’ ಎಂದಳು.